ಹಂಸವೇಣಿಯ ಏದುಸಿರು

ನಮ್ಮ ಯಜಮಾನರ ಜೊತೆ ಪ್ರತಿ ಭಾನುವಾರ ಬಾಸ್ಕೆಟ್‌ಬಾಲ್ ನೋಡಲು ಹೋಗುತ್ತಿದ್ದ ಟೈಲರ್ ಗುರುಬಸಪ್ಪನವರಿಗೆ ಮಂಗನಬಾವು ಬಂದದ್ದರಿಂದ ಆ ದಿನ ನಾನು ಕ್ರೀಡಾಂಗಣಕ್ಕೆ ಹೋಗಬೇಕಾಯಿತು. ಅರವತ್ತು ದಾಟಿದವರಿಗೆ ಮಂಗನಬಾವು ಬರುತ್ತದೆಯೇ ಎಂದು ಕೇಳಬೇಡಿ, ಬಂತು. ಎರಡೂ ಕೆನ್ನೆ ಊದಿಕೊಂಡು, ಗಂಜಿ ಕುಡಿಯಲೂ ಬಾಯಿ ತೆರೆಯಲಾಗದೆ ಮಲಗಿದ್ದರು. ಬಾಯಿ ತೆರೆಯಲಾಗದವರು ನಮ್ಮೂರಿನ ಕ್ರೀಡಾಂಗಣಕ್ಕೆ ಹೋಗಿ ಮಾಡುವುದಾದರೂ ಏನು?

ನಮ್ಮೂರಿನ ಕೋರ್ಟಿನಲ್ಲಿ ಆಡುವವಳ ಹೆಸರನ್ನು ಯಾರು ಕೂಗುತ್ತಾರೋ ಅವಳ ಏದುಸಿರು ಅವರಿಗೆ ಬರುತ್ತದೆ. ಹತ್ತು ಜನ ಕೂಗಿದರೆ ಹತ್ತು ಪಾಲು, ಒಬ್ಬರೇ ಕೂಗಿದರೆ ಪೂರ್ತಿ ಅವರದೇ. ಒಂದು ಕೂಗು ಸುಮಾರು ಒಂದು ನಿಮಿಷ ಬಾಳುತ್ತದೆ. ಅಷ್ಟು ಹೊತ್ತು ಆಡುವವಳು ಆಗತಾನೇ ನಿದ್ದೆ ಮಾಡಿ ಎದ್ದವಳ ಹಾಗೆ ಓಡುತ್ತಾಳೆ. ಕೂಗಿದವರು ಕೂತಲ್ಲೇ ಬೆವರುತ್ತಾರೆ. ಬೇರೆ ಊರುಗಳಲ್ಲಿ ಕೂಗಿದರೆ ಗಂಟಲು ಮಾತ್ರ ನೋಯುತ್ತದಂತೆ. ಅದಕ್ಕೇ ನಮ್ಮ ಗೀಜಗ ತಂಡದ ಹುಡುಗಿಯರು ಇಲ್ಲಿ ಆಡಿದರೆ ಗೆಲ್ಲುವುದು, ಹೊರಗೆ ಹೋದರೆ ಸೋತು ಬರುವುದು. ಎದುರಾಳಿಗಳ ಕಡೆಯವರೂ ಇಲ್ಲಿಗೆ ಬಂದು ಕೂಗಬಹುದು, ಅಡ್ಡಿಯಿಲ್ಲ. ಆದರೆ ಅವರು ಒಂದು ಬಸ್ಸು ಜನ, ಅದರಲ್ಲೂ ಅರ್ಧ ಜನಕ್ಕೆ ಘಾಟಿ ರಸ್ತೆಯಲ್ಲಿ ವಾಂತಿಯಾಗಿರುತ್ತದೆ.

ಹೀಗಿರುವುದರಿಂದ ನಮ್ಮೂರಿನವರ ಬದುಕೇ ಒಂದು ನಮೂನೆ. ಬೆಳಗಿನ ಐದೂವರೆಗೆ ನೀರಿನ ಟ್ಯಾಂಕಿನ ಗುಡ್ಡದ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ವಕೀಲರು, ಹೂವು ಮಾರುವವರು, ತಾಲ್ಲೂಕು ಕಚೇರಿಯ ಗುಮಾಸ್ತರು ಎಲ್ಲರೂ ಎದೆ ಗಟ್ಟಿಮಾಡಿಕೊಳ್ಳಲು ಹತ್ತಿ ಇಳಿಯುತ್ತಾರೆ. ಗಂಡು ನೋಡಲು ಹೋದವರು ನೌಕರಿ ವಿಚಾರಿಸುವ ಮೊದಲು 'ಹುಡುಗ ಎಷ್ಟು ಹೊತ್ತು ಕೂಗ್ತಾನೆ?' ಎಂದು ಕೇಳುತ್ತಾರೆ. ಬೀಡಿ ಸಿಗರೇಟಿನ ಅಂಗಡಿ ಇಟ್ಟವನೊಬ್ಬ ಎರಡೇ ತಿಂಗಳಲ್ಲಿ ಅದನ್ನು ಮುಚ್ಚಿ ಸ್ಕಿಪ್ಪಿಂಗ್ ಹಗ್ಗ ಮಾರಲು ಕೂತ. ಇನ್ನು ಭಾಷಣ ಮಾಡಲು ಬರುವ ದೊಡ್ಡ ಮನುಷ್ಯರು ಮೊದಲ ಸಾಲಿನಲ್ಲಿ ಕೂತು ಬಾಯಿ ಅಲ್ಲಾಡಿಸುತ್ತಾರೆ, ಸದ್ದು ಹೊರಡಿಸುವುದಿಲ್ಲ. ಅವರ ಇಸ್ತ್ರಿ ಅಂಗಿಯ ಕಂಕುಳು ಒಣಗಿರುವುದನ್ನು ನೋಡಿ ಜನ ಮುಂದಿನ ಚುನಾವಣೆಯಲ್ಲಿ ಬುದ್ಧಿ ಕಲಿಸುತ್ತಾರೆ.

ನಮ್ಮ ಯಜಮಾನರು ನಂಜುಂಡಯ್ಯ ಮೂವತ್ತೈದು ವರ್ಷ ಬಸ್ ಕಂಡಕ್ಟರಾಗಿ 'ರೈಟ್ ರೈಟ್' ಎಂದು ಕೂಗಿದವರು. ಅವರ ಎದೆಗೆ ಊರಲ್ಲಿ ಒಳ್ಳೆಯ ಹೆಸರಿತ್ತು. "ಗುರುಬಸಪ್ಪನ ಸೀಟು ಖಾಲಿ ಬಿಡೋದು ಪಾಪ ಕಣೇ ಅಂಬುಜಾ. ನೀನು ಕೂಗಬೇಡ. ಸುಮ್ನೆ ಬಂದು ಕೂತ್ಕೋ" ಎಂದರು.

"ನಾನು ಬರಲ್ಲ ಅಂತ ಎಷ್ಟು ಸಲ ಹೇಳ್ಲಿ ನಿಮಗೆ?"

"ಹನ್ನೊಂದು ವರ್ಷ ಆಯ್ತಲ್ಲೇ."

ಹನ್ನೊಂದು ವರ್ಷವಾಗಿದ್ದುದು ನಿಜ. ಆಗ ನಾವು ಕೆಳಗಿನ ಮನೆಯಲ್ಲಿದ್ದೆವು, ಮಹಡಿಯ ಮನೆಯಲ್ಲಿ ಇಂದುಮತಿ ಇದ್ದಳು. ಇಂದು ನನ್ನ ಜೀವದ ಗೆಳತಿ. ಅವಳ ಗಂಡ ತೀರಿಕೊಂಡಾಗ ಹದಿಮೂರು ದಿನ ಅವಳ ಮನೆಯಲ್ಲಿ ಒಲೆ ಹೊತ್ತಿಸಿದವಳು ನಾನು. ನನ್ನ ಗರ್ಭಕೋಶದ ಆಪರೇಷನ್ನಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವಳು ಅವಳು. ಅವಳಿಗೊಬ್ಬ ಮಗಳು, ಹಂಸವೇಣಿ. ಆ ಹುಡುಗಿಗೆ ಯಾವುದೋ ಗಳಿಗೆಯಲ್ಲಿ ಬಾಸ್ಕೆಟ್‌ಬಾಲಿನ ಹುಚ್ಚು ಹಿಡಿಯಿತು. ಶಾಲೆ ಬಿಟ್ಟು ಬಂದವಳೇ ಮಹಡಿಯ ಮೇಲೆ ಚೆಂಡು ಕುಟ್ಟಲು ಶುರುಮಾಡುತ್ತಿದ್ದಳು. ನಮ್ಮ ತಾರಸಿಯ ಗಾರೆ ಉದುರಿ ಸಾರಿಗೆ ಬೀಳುತ್ತಿತ್ತು. ಒಂದು ದಿನ ತಲೆನೋವು ತಡೆಯಲಾರದೆ ಮೆಟ್ಟಿಲು ಹತ್ತಿ ಹೋಗಿ ಕೂಗಾಡಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಇಳಿಯುವಾಗ ತಿರುಗಿ, "ಗಂಡು ದಿಕ್ಕಿಲ್ಲದ ಮನೆ, ಹೇಳೋರಿಲ್ಲ ಕೇಳೋರಿಲ್ಲ!" ಎಂದುಬಿಟ್ಟೆ. ಇಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಂಟನೇ ದಿನಕ್ಕೆ ಮನೆ ಖಾಲಿ ಮಾಡಿ ಹಿಂದಿನ ಬೀದಿಗೆ ಹೋದಳು. ಅಂದಿನಿಂದ ತರಕಾರಿ ಮಾರ್ಕೆಟ್ಟಿನಲ್ಲಿ ಎದುರಾದರೆ ಅವಳು ಬದನೆಕಾಯಿ ನೋಡುತ್ತಿದ್ದಳು, ನಾನು ಸೌತೆಕಾಯಿ ನೋಡುತ್ತಿದ್ದೆ. ಹುಡುಗಿ ಬೆಳೆದು ಗೀಜಗ ತಂಡ ಸೇರಿದಳು, ಸಂಬಳಕ್ಕೆ ಆಡುವಷ್ಟು ದೊಡ್ಡವಳಾದಳು. ನಾನು ಆ ಕಡೆ ತಲೆ ಹಾಕಿರಲಿಲ್ಲ.

ಆದರೆ ಆ ಭಾನುವಾರ ಹೋದೆ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಒಂದು ಬಟ್ಟೆ ಚೀಲದ ತುಂಬ ಸೊಗಡಿನ ಅವರೆಕಾಯಿ ತುಂಬಿಕೊಂಡೆ. ಸುಲಿಯುತ್ತ ಕೂತರೆ ರಾತ್ರಿಯ ಉಪ್ಪಿಟ್ಟಿಗಾಯಿತು ಎಂದುಕೊಂಡೆ.

ಕ್ರೀಡಾಂಗಣದ ಬಾಗಿಲಲ್ಲಿ ನರ್ಸುಗಳು ಸಾಲಾಗಿ ನಿಂತಿದ್ದರು. ಟಿಕೆಟ್ಟು ಹರಿಯುವ ಮೊದಲು ನಾಡಿ ಹಿಡಿಯುತ್ತಾರೆ. ಗಟ್ಟಿ ಇದ್ದವರ ಕೈಗೆ ಹಸಿರು ಪಟ್ಟಿ, ಕೂಗಬಾರದವರ ಕೈಗೆ ಕೆಂಪು ಪಟ್ಟಿ. ನನಗೆ ಕೆಂಪು ಕೊಡಿ ಎಂದೆ. ನರ್ಸು ನನ್ನ ಮಣಿಕಟ್ಟು ಹಿಡಿದು, "ಅಯ್ಯೋ, ಕುದುರೆ ಇದ್ದಂಗಿದೀರ ಅಮ್ಮಾ" ಎಂದು ಹಸಿರು ಕಟ್ಟಿದಳು. ಯಜಮಾನರು ಹೆಮ್ಮೆಯಿಂದ ಸುತ್ತ ನೋಡಿದರು. ಒಳಗೆ ಎಲ್ಲಿ ನೋಡಿದರೂ ಹಳದಿ ಅಂಗಿ, ಹಳದಿ ಸೀರೆ, ಹಳದಿ ಬಳಿದ ಕೆನ್ನೆ. ಒಂದು ಮೂಲೆಯಲ್ಲಿ ತಮಟೆ. ಗೀಜಗನ ವೇಷ ತೊಟ್ಟವನೊಬ್ಬ ಕೊಕ್ಕು ಸರಿಮಾಡಿಕೊಳ್ಳುತ್ತ ಮಕ್ಕಳಿಗೆ ಹಸ್ತಲಾಘವ ಕೊಡುತ್ತಿದ್ದ. ಚುರುಮುರಿಯವರಿಗಿಂತ ಮಜ್ಜಿಗೆ ಮಾರುವವರೇ ಹೆಚ್ಚು. ಎರಡು ಸಾಲಿಗೊಂದರಂತೆ ಸ್ಟ್ರೆಚರ್ ಇಟ್ಟಿದ್ದರು.

ಕಾಂಕ್ರೀಟಿನ ಮೆಟ್ಟಿಲು ಹತ್ತಿ ಆರನೇ ಸಾಲಿಗೆ ಬಂದರೆ, ಗುರುಬಸಪ್ಪನವರ ಸೀಟಿನ ಪಕ್ಕದಲ್ಲೇ ಇಂದುಮತಿ ಕೂತಿದ್ದಾಳೆ! ನನ್ನ ಯಜಮಾನರಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಅವರ ಕಡೆ ತಿರುಗಿದರೆ ಅವರು ಮೇಲಿನ ದೀಪ ಎಣಿಸುತ್ತಿದ್ದರು. ಇಂದು ಸೊರಗಿಹೋಗಿದ್ದಳು. ಕೈಯಲ್ಲಿ ಕೆಂಪು ಪಟ್ಟಿ. ನನ್ನನ್ನು ನೋಡಿದಳು, ಸೆರಗು ಎಳೆದುಕೊಂಡಳು, ಕೋರ್ಟಿನ ಕಡೆ ಮುಖ ಮಾಡಿದಳು. ನಾನು ಚೀಲ ಬಿಚ್ಚಿ ಅವರೆಕಾಯಿ ಸುಲಿಯತೊಡಗಿದೆ.

ಎದುರಾಳಿಗಳು ನದಿಯಾಚೆಯ ಊರಿನ ಚಿರತೆ ತಂಡ. ಗೆದ್ದವರು ಫೈನಲ್ಲಿಗೆ. ಸೀಟಿ ಊದಿದ್ದೇ ತಡ, ಎರಡು ಸಾವಿರ ಜನ ಒಟ್ಟಿಗೆ "ರಜಿಯಾ!" ಎಂದರು. ರಜಿಯಾ ನಮ್ಮ ತಂಡದ ತಾರೆ, ಬುಟ್ಟಿಗೆ ಚೆಂಡು ಹಾಕುವವಳು. ಎರಡು ಸಾವಿರ ಜನ ಹಂಚಿಕೊಂಡರೆ ತಲೆಗೆ ಒಂದು ಆಕಳಿಕೆಯಷ್ಟು ಸುಸ್ತು ಬಂದರೆ ಹೆಚ್ಚು. ಅವಳ ಹೆಸರು ಕೂಗಲು ಎಲ್ಲರಿಗೂ ಭಕ್ತಿ ಉಕ್ಕುವುದು ಅದಕ್ಕೇ ಎಂದು ನನಗೆ ಐದು ನಿಮಿಷದಲ್ಲಿ ತಿಳಿಯಿತು. ನಮ್ಮ ಯಜಮಾನರದು ಜಾನಕಿ ಎಂಬ ಎತ್ತರದ ಹುಡುಗಿ. ಅವಳ ಹೆಸರು ಕೂಗುವವರು ನಲವತ್ತು ಜನ. ಅವರದೇ ಒಂದು ಸಂಘ, ಯಜಮಾನರು ಖಜಾಂಚಿ. "ಜಾನಕೀ!" ಎಂದು ಕೂಗಿ, ಹುಬ್ಬಿನ ಬೆವರು ಒರೆಸಿ, ಮಜ್ಜಿಗೆ ಕುಡಿದು, ಮತ್ತೆ ಕೂಗುತ್ತಿದ್ದರು.

ಹಂಸವೇಣಿಯ ಹೆಸರನ್ನು ಯಾರೂ ಕೂಗಲಿಲ್ಲ.

ಅವಳು ಬುಟ್ಟಿಗೆ ಹಾಕುವವಳಲ್ಲ. ಎದುರಾಳಿಯ ಬೆನ್ನು ಹತ್ತುವವಳು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಹದಿಮೂರನೇ ನಂಬರಿನ ಚಿರತೆಯ ಹುಡುಗಿ ಎಲ್ಲಿಗೆ ಹೋದರೂ ಇವಳು ಮುಂದೆ ನಿಂತಿರುತ್ತಿದ್ದಳು. ಬೇರೆಯವರು ನಿಂತು ಸೊಂಟಕ್ಕೆ ಕೈ ಇಟ್ಟುಕೊಂಡಾಗಲೂ ಇವಳು ಓಡುತ್ತಿದ್ದಳು. ನನ್ನ ಕೈ ಅವರೆಕಾಯಿಯ ಮೇಲಿತ್ತು, ಕಣ್ಣು ಮಾತ್ರ ಆ ಹುಡುಗಿಯ ಹಿಂದೆ ಸುತ್ತುತ್ತಿತ್ತು. ಮುಂದಿನ ಸಾಲಿನ ಇಬ್ಬರು ಹೆಂಗಸರು ನನ್ನ ಚೀಲ ನೋಡಿ, "ಕೊಡಿ ಅಕ್ಕಾ, ಕೈಗೆ ಕೆಲಸ ಆಗುತ್ತೆ" ಎಂದು ತಲಾ ಒಂದು ಬೊಗಸೆ ತೆಗೆದುಕೊಂಡರು. ಅರ್ಧ ಆಟ ಮುಗಿಯುವಷ್ಟರಲ್ಲಿ ಆರನೇ ಸಾಲು, ಐದನೇ ಸಾಲು ಎರಡರಲ್ಲೂ ಅವರೆ ಸುಲಿಯುತ್ತಿದ್ದರು. ಕೆಲವರು ಹಸಿಕಾಳು ಬಾಯಿಗೂ ಹಾಕಿಕೊಂಡರು, ನಾನು ನೋಡಿದೆ.

ಬಿಡುವಿನ ಹೊತ್ತಿನಲ್ಲಿ ಗೀಜಗನ ವೇಷದವನು ಬಂದು ಅತ್ಯುತ್ತಮ ಬೆವರಿನ ಬಹುಮಾನವೆಂದು ಒಬ್ಬ ದಪ್ಪ ಪೋಸ್ಟ್‌ಮಾಸ್ತರರಿಗೆ ಟವೆಲು ಹೊದಿಸಿದ. ಚಪ್ಪಾಳೆಯ ಗದ್ದಲದಲ್ಲಿ ನಾನು ಯಜಮಾನರ ಕಿವಿಗೆ ಬಾಗಿ ಕೇಳಿದೆ. "ಆ ಹುಡುಗಿ ಹೆಸರು ಯಾಕ್ರೀ ಯಾರೂ ಕೂಗಲ್ಲ?"

"ಯಾರು ಕೂಗ್ತಾರೆ? ನೋಡ್ದಲ್ಲ, ಹೇಗೆ ಓಡ್ತಾಳೆ ಅಂತ. ಅವಳ ಉಸಿರು ತಗೊಂಡ್ರೆ ಮನುಷ್ಯ ಉಳಿಯಲ್ಲ." ಅವರು ದನಿ ಇಳಿಸಿದರು. "ಆರು ವರ್ಷದಿಂದ ಅವರಮ್ಮ ಒಬ್ಬಳೇ ಕೂಗ್ತಿದ್ದಿದ್ದು. ಹೋದ ತಿಂಗಳು ಎದೆಗೆ ಆಪರೇಷನ್ ಆಯ್ತು. ಇನ್ನು ಕೂಗೋ ಹಾಗಿಲ್ಲ."

"ನೀವಾದ್ರೂ ಕೂಗಬಾರದಾ? ನಮ್ಮ ಮನೆ ಮಹಡಿ ಮೇಲೆ ಬೆಳೆದ ಮಗು."

"ಒಂದ್ಸಲ ಕೂಗಿದೀನಿ. ಹೋದ ವರ್ಷ ಮೂರು ದಿನ ಮೇಲೇಳಲಿಲ್ಲ, ಜ್ವರ ಅಂತ ಕಷಾಯ ಕೊಟ್ಯಲ್ಲ? ಅದು ಅದೇ."

ಆಟ ಮತ್ತೆ ಶುರುವಾದಾಗ ನಾನು ಪಕ್ಕಕ್ಕೆ ತಿರುಗಿದೆ. ಇಂದು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ಮಗಳು ಓಡಿದಾಗಲೆಲ್ಲ ಇವಳ ಎದೆ ಸುಮ್ಮಸುಮ್ಮನೇ ಏರಿ ಇಳಿಯುತ್ತಿತ್ತು, ಅಭ್ಯಾಸಬಲ. ಅವಳು ಅಷ್ಟೊಂದು ಸೊರಗಿದ್ದು ಯಾತರಿಂದ ಎಂದು ನನಗೆ ಆಗ ಅರ್ಥವಾಯಿತು. ಆರು ವರ್ಷ, ವಾರಕ್ಕೊಂದು ಆಟ, ಹಿಂದಿನ ಬೀದಿಯಲ್ಲೇ ಇದ್ದೂ ನನಗೆ ತಿಳಿದಿರಲಿಲ್ಲ.

ಕೊನೆಯ ಕ್ವಾರ್ಟರಿನಲ್ಲಿ ಆಟ ಕೆಟ್ಟಿತು. ನಾಲ್ಕು ನಿಮಿಷ ಉಳಿದಿದ್ದಾಗ ರಜಿಯಾಳ ಐದನೇ ಫೌಲಾಗಿ ರೆಫರಿ ಅವಳನ್ನು ಹೊರಗೆ ಕಳಿಸಿದರು. ಬದಲಿಗೆ ಇಳಿಯಬೇಕಿದ್ದ ಹುಡುಗಿಯರಲ್ಲಿ ಒಬ್ಬಳ ಕಾಲು ಉಳುಕಿತ್ತು. ಇನ್ನೊಬ್ಬಳು ಇಳಿದಳು, ಆದರೆ ಅವಳಿಗೆ ಇದು ಮೊದಲ ಆಟ, ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದಳು. ಎರಡು ಸಾವಿರ ಜನಕ್ಕೆ ಕೂಗಲು ಹೆಸರೇ ಇಲ್ಲದಂತಾಯಿತು. ಕೆಲವರು ಚಪ್ಪಲಿ ಹುಡುಕತೊಡಗಿದರು. ನಾವು ಮೂರು ಪಾಯಿಂಟು ಹಿಂದೆ. ಹಂಸವೇಣಿ ನಡುವೆ ನಿಂತು, ಎರಡೂ ಮಂಡಿಗಳ ಮೇಲೆ ಕೈಯೂರಿ ಬಾಗಿದ್ದಳು. ಅವಳ ಬೆನ್ನು ತಿದಿಯ ಹಾಗೆ ಏರಿಳಿಯುತ್ತಿದ್ದುದು ಆರನೇ ಸಾಲಿಗೂ ಕಾಣುತ್ತಿತ್ತು.

ಪಕ್ಕದಲ್ಲಿ ಇಂದುಮತಿ ಎದ್ದು ನಿಂತಳು. ಕೈಯ ಕೆಂಪು ಪಟ್ಟಿಯನ್ನು ಕಿತ್ತು ಬಿಸಾಕಿದಳು. ಬಾಯಿ ತೆರೆದು "ಹಂ" ಎನ್ನುವಷ್ಟರಲ್ಲಿ ನಾನು ಹಾರಿ ಅವಳ ಬಾಯಿ ಮುಚ್ಚಿದೆ. ಮಡಿಲಲ್ಲಿದ್ದ ಸಿಪ್ಪೆ, ಕಾಳು ಎಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಅವಳು ನನ್ನ ಕೈ ಕಚ್ಚಿದಳು. ಸುಮ್ಮನೆ ಕಚ್ಚಲಿಲ್ಲ, ಹನ್ನೊಂದು ವರ್ಷದ್ದನ್ನು ಸೇರಿಸಿ ಕಚ್ಚಿದಳು. ನಾನು ಕೈ ಬಿಡಲಿಲ್ಲ.

"ಲೇ ಇಂದೂ, ಸಾಯ್ತೀಯ! ಕೂತ್ಕೊಳ್ಳೇ!" ಎಂದವಳೇ ಕೋರ್ಟಿನ ಕಡೆ ತಿರುಗಿ, ನನ್ನ ಹೊಟ್ಟೆಯ ತಳದಿಂದ ಕೂಗಿದೆ. "ಹಂಸವೇಣೀ!"

ಆಮೇಲಾದದ್ದನ್ನು ಹೇಗೆ ಹೇಳಲಿ? ಯಾರೋ ನನ್ನ ಎದೆಯೊಳಗೆ ಒಂದು ಕೊಡ ಕೆಂಡ ಸುರಿದು ಮುಚ್ಚಳ ಹಾಕಿದ ಹಾಗಾಯಿತು. ಕಿವಿ ಗುಂಯ್‌ಗುಟ್ಟಿತು. ತೊಡೆಗಳು ತಂತಾವೇ ನಡುಗಿದವು. ಮೂವತ್ತಾರು ನಿಮಿಷ ಓಡಿದ ಉಸಿರು ಒಂದೇ ಸಲಕ್ಕೆ ನನ್ನ ಮೇಲೆ ಬಿತ್ತು. ಕೆಳಗೆ ಹಂಸವೇಣಿ ನೆಟ್ಟಗೆ ನಿಂತಳು. ಗಾಬರಿಯಿಂದ ಅವಳ ಕಣ್ಣು ಅಮ್ಮನನ್ನು ಹುಡುಕಿ ಆರನೇ ಸಾಲಿಗೆ ಬಂತು. ಅಮ್ಮನ ಬಾಯಿ ಮುಚ್ಚಿಕೊಂಡು, ಕೆಂಪಾಗಿ, ಮೀನಿನ ಹಾಗೆ ಬಾಯಿ ಬಿಡುತ್ತಿದ್ದ ನನ್ನನ್ನು ಕಂಡಳು. ಅವಳು ಎಷ್ಟು ಬೆಪ್ಪಾದಳೆಂದರೆ ಚಿರತೆಯ ಹುಡುಗಿ ಅವಳ ಕೈಗೆ ಆಗತಾನೇ ಬಂದ ಚೆಂಡನ್ನು ಕಿತ್ತುಕೊಂಡು ಹೋಗಿ ಬುಟ್ಟಿಗೆ ಹಾಕಿಯೇ ಬಿಟ್ಟಳು. ಐದು ಪಾಯಿಂಟು ಹಿಂದೆ.

"ನನ್ನ ಯಾಕೇ ನೋಡ್ತೀಯ, ಚೆಂಡು ನೋಡೇ!" ಎಂದು ಅರಚಿದೆ. ಹುಡುಗಿ ನಕ್ಕಳು ಎಂದು ಯಜಮಾನರು ಈಗಲೂ ಹೇಳುತ್ತಾರೆ. ನಾನು ನೋಡಲಿಲ್ಲ, ಕಣ್ಣು ಮಂಜಾಗಿತ್ತು. ಆದರೆ ಅವಳು ಓಡತೊಡಗಿದ್ದು ಗೊತ್ತಾಯಿತು, ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು! ಅವಳೊಂದು ಚೆಂಡು ಕಿತ್ತುಕೊಂಡು ಜಾನಕಿಗೆ ಕೊಟ್ಟಳು, ಎರಡು ಪಾಯಿಂಟು. ಮತ್ತೊಂದು ಸಲ ಕೂಗಿದೆ. ಚಿರತೆಗಳಿಗೆ ದಾರಿಯೇ ಬಿಡಲಿಲ್ಲ ಅವಳು. ಇನ್ನೂ ಎರಡು ಪಾಯಿಂಟು. ಮೂರನೇ ಸಲ ಕೂಗಲು ಹೋದರೆ ನನ್ನ ಬಾಯಿಂದ ಗಾಳಿ ಮಾತ್ರ ಬಂತು. ಯಜಮಾನರು ಬಂದು ತೋಳು ಹಿಡಿದರು. "ಸಾಕು ಕಣೇ ಅಂಬುಜಾ, ನಿಂಗೆ ಕೈ ಮುಗೀತೀನಿ."

ಮುಂದಿನ ಸಾಲಿನವರೆಲ್ಲ ತಿರುಗಿ ನನ್ನನ್ನು ನೋಡುತ್ತಿದ್ದರು. ಒಬ್ಬಳ ಬಾಯಿ ಇನ್ನೂ ಆಡುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನನ್ನ ಅವರೆಕಾಳು... ತಿನ್ನೋಕೆ... ಬಾಯಿದೆ," ಎಂದೆ, ಒಂದೊಂದು ಮಾತಿಗೂ ಒಂದೊಂದು ಉಸಿರು ಎಳೆದುಕೊಂಡು. "ಆ ಮಗು ಹೆಸರು... ಕೂಗೋಕೆ... ಬಾಯಿಲ್ವಾ?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಕೂಗಿದ್ದು ಟವೆಲು ಗೆದ್ದ ಪೋಸ್ಟ್‌ಮಾಸ್ತರರು. ಆಮೇಲೆ ಆ ಇಬ್ಬರು ಹೆಂಗಸರು. ನಮ್ಮ ಯಜಮಾನರೂ ಜಾನಕಿ ಸಂಘದ ನಿಯಮ ಮುರಿದು ಒಂದು ಸಲ ಕೂಗಿದರು. ಹದಿನೈದು ಇಪ್ಪತ್ತು ಜನರಾದರು. ನನ್ನ ಎದೆಯ ಮೇಲಿನ ಭಾರ ಸ್ವಲ್ಪ ಸರಿಯಿತು. ಆದರೆ ಕಾಲಲ್ಲಿ ತ್ರಾಣವಿರಲಿಲ್ಲ. ನಾನು ಹಾಗೇ ಜಾರಿ, ಎರಡು ಸಾಲುಗಳ ನಡುವಿನ ಮೆಟ್ಟಿಲ ಮೇಲೆ ಚೆಲ್ಲಿದ್ದ ಸಿಪ್ಪೆಯ ಮೇಲೆ ಅಂಗಾತ ಮಲಗಿಬಿಟ್ಟೆ. ಮೇಲಿನ ದೀಪಗಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಎಷ್ಟ್... ಉಳಿದಿದೆ?" ಎಂದು ಕೇಳಿದೆ, ಯಾರಿಗೆಂದಿಲ್ಲ.

ಮೇಲಿನಿಂದ ಇಂದುಮತಿಯ ದನಿ ಬಂತು. "ಇಪ್ಪತ್ತು ಸೆಕೆಂಡು. ಒಂದು ಪಾಯಿಂಟು ಹಿಂದೆ. ಚೆಂಡು ಅವರ ಹತ್ರ ಇದೆ."

ಹನ್ನೊಂದು ವರ್ಷದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

"ಹಂಸ?"

"ಹದಿಮೂರರ ಮುಂದೆ ನಿಂತಿದಾಳೆ. ಕೈ ಚಾಚಿದಾಳೆ. ಅಯ್ಯೋ, ತಪ್ತು... ಇಲ್ಲ, ಕಿತ್ಕೊಂಡ್ಳು! ಕಿತ್ಕೊಂಡ್ಳು ಕಣೇ ಅಂಬುಜಾ! ಓಡ್ತಿದಾಳೆ!"

"ಗೊತ್ತೂ...!" ಎಂದು ಮಲಗಿದಲ್ಲೇ ನರಳಿದೆ.

"ಇಬ್ಬರು ಅಡ್ಡ ಬಂದ್ರು. ತಪ್ಪಿಸ್ಕೊಂಡ್ಳು. ಬುಟ್ಟಿ ಹತ್ರ ಬಂದ್ಳು. ಹಾರಿದ್ಳು..."

ಅಲ್ಲಿಗೆ ಇಂದುವಿನ ದನಿ ನಿಂತಿತು. ಅದೇ ಗಳಿಗೆಗೆ ನನ್ನ ಪಕ್ಕದಲ್ಲಿ ಮತ್ತೆ ಜಾನಕಿಯ ಹೆಸರು ಕೂಗುತ್ತಿದ್ದ ಯಜಮಾನರು "ಹಾ!" ಎಂದು ಎದೆ ಹಿಡಿದುಕೊಂಡರು. ಹಂಸ ತಾನು ಹಾಕದೆ ಚೆಂಡನ್ನು ಜಾನಕಿಗೆ ದಾಟಿಸಿದಳು ಎಂದು ನನಗೆ ತಿಳಿದದ್ದು ಆ ಸದ್ದಿನಿಂದಲೇ. ಮರುಕ್ಷಣ ಕ್ರೀಡಾಂಗಣದ ತಗಡಿನ ಮಾಡು ಹಾರಿಹೋಗುವ ಹಾಗೆ ಬೊಬ್ಬೆ ಎದ್ದಿತು. ತಮಟೆಗಳು ಮೊಳಗಿದವು. ಯಾರೋ ನನ್ನ ಕಾಲು ತುಳಿದುಕೊಂಡು ಕುಣಿದರು.

"ಬಿತ್ತೇನೇ? ಇಂದೂ, ಬಿತ್ತೇನೇ?"

ಅವಳು ಮೆಟ್ಟಿಲ ಮೇಲೆ ಕುಕ್ಕರಿಸಿ ಕೂತು, ನನ್ನ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಅವಳ ಕಣ್ಣೀರು ನನ್ನ ಮೂಗಿನ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ನನಗೆ ಆಗಲೇ ಹೇಳಿಬಿಡಬೇಕು ಎನ್ನಿಸಿತು. "ಇಂದೂ, ಅವತ್ತು ನಾನು..." ಎಂದೆ. ಮುಂದಿನದಕ್ಕೆ ಉಸಿರು ಸಾಲಲಿಲ್ಲ. ಮತ್ತೆ ಎಳೆದುಕೊಂಡು "ಅವತ್ತು ಮೆಟ್ಟಿಲ ಹತ್ರ..." ಎಂದೆ. ಅದೂ ಅಲ್ಲೇ ನಿಂತಿತು.

"ಈಗ ಮಾತಾಡ್ಬೇಡ. ನಾಳೆ ಮನೆಗೆ ಬಂದು ಹೇಳುವಿಯಂತೆ" ಎಂದಳು ಅವಳು.

ಸ್ಟ್ರೆಚರ್ ಬಂತು. ನನ್ನನ್ನು ಹೊತ್ತು ಇಳಿಸುವಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಯಜಮಾನರು ಪಕ್ಕದಲ್ಲಿ ನಡೆಯುತ್ತ ಎಲ್ಲರಿಗೂ ಕೈ ಮುಗಿಯುತ್ತ ಬಂದರಂತೆ, ಅವರೇ ಕೂಗಿದವರ ಹಾಗೆ.

ಮರುದಿನ ಮೈಯೆಲ್ಲ ಕುಟ್ಟಿ ಪುಡಿಮಾಡಿದ ಹಾಗಿತ್ತು. ಆದರೂ ಹನ್ನೊಂದು ಗಂಟೆಗೆ ತಲೆ ಬಾಚಿಕೊಂಡು ಹಿಂದಿನ ಬೀದಿಗೆ ಹೊರಟೆ. ನೂರು ಹೆಜ್ಜೆಯೂ ಇಲ್ಲದ ದಾರಿಯಲ್ಲಿ ಮೂರು ಕಟ್ಟೆಗಳ ಮೇಲೆ ಕೂತು ಸುಧಾರಿಸಿಕೊಂಡೆ. ಹಂಸವೇಣಿ ಬಾಗಿಲು ತೆರೆದಳು. ಹತ್ತಿರದಿಂದ ನೋಡಿದರೆ ಅಪ್ಪನದೇ ಮೂಗು. "ಅಮ್ಮ ಒಳಗಿದಾರೆ ಅತ್ತೆ, ಬನ್ನಿ" ಎಂದು ಅಡುಗೆಮನೆಗೆ ಹೋದಳು. ಇಂದುಮತಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಕೂತ್ಕೋ ಎನ್ನಲಿಲ್ಲ. ನಾನೂ ಕೂರಲಿಲ್ಲ.

"ಗಂಡು ದಿಕ್ಕಿಲ್ಲದ ಮನೆ ಅಂದೆ ನಾನು. ಅನ್ನಬಾರದಾಗಿತ್ತು" ಎಂದೆ. "ಆ ಮನೆಗೆ ನೀನಿದ್ದೆ. ಸಾಕಾಗಿತ್ತು. ನನ್ನ ನಾಲಿಗೆ ಸರಿ ಇರಲಿಲ್ಲ ಇಂದೂ, ತಪ್ಪಾಯ್ತು."

ಇಂದು ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡಳು. ಸೆರಗಿನ ಅಂಚನ್ನು ಎರಡು ಸಲ ಮಡಿಚಿ ಬಿಚ್ಚಿದಳು.

"ಜೋರಾಗಿ ಹೇಳು" ಎಂದಳು. "ಅಡುಗೆಮನೆಯಲ್ಲಿ ಹಂಸ ಇದಾಳೆ. ಅವತ್ತು ಅವಳೂ ಅಲ್ಲೇ ನಿಂತಿದ್ಳು. ಅವಳಿಗೂ ಕೇಳಿಸ್ಲಿ."

ನಾನು ಬಾಗಿಲ ಚೌಕಟ್ಟು ಹಿಡಿದು, ಉಸಿರೆಳೆದುಕೊಂಡು, ಒಂದಕ್ಷರವೂ ಬಿಡದೆ ಎಲ್ಲವನ್ನೂ ಜೋರಾಗಿ ಹೇಳಿದೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಈಗ ಕೂತ್ಕೋ" ಎಂದು ಇಂದುಮತಿ ಮಂಚದ ಮೇಲೆ ಸರಿದು ಜಾಗ ಮಾಡಿದಳು.